ತೀರಿಹೋದ ನಾಯಿಯ ಚಿತ್ರ ಬಿಡಿಸುವುದಾದರೆ: ಇದ್ದಿಲಾ, ಜಲವರ್ಣವಾ, ಎಣ್ಣೆಬಣ್ಣವಾ?

ನಾಯಿ ತೀರಿಹೋದ ಮೇಲೆ ಅದರ ಚಿತ್ರ ಬಿಡಿಸಬೇಕು ಅಂತ ತುಂಬ ಜನಕ್ಕೆ ಅನಿಸುತ್ತದೆ. ಶಾಲೆ ಬಿಟ್ಟ ಮೇಲೆ ಕುಂಚ ಮುಟ್ಟದವರಿಗೂ ಅನಿಸುತ್ತದೆ. ಆದರೆ ಏನು ತಗೊಳ್ಳಲಿ ಅಂತ ಹುಡುಕಿದರೆ ಸಿಗುವ ಸಲಹೆಯೆಲ್ಲ ಒಂದೇ ಥರ ಇರುತ್ತದೆ. ಯಾವುದು ಕಲಿಯೋಕೆ ಸುಲಭ, ಯಾವುದರಲ್ಲಿ ಕೂದಲು ಚೆನ್ನಾಗಿ ಬರುತ್ತದೆ, ಯಾವುದು ಜಾಸ್ತಿ ವರ್ಷ ಬಾಳುತ್ತದೆ ಅಂತ. ದುಃಖದಲ್ಲಿ ಇರುವವರಿಗೆ ಅವೆಲ್ಲ ಆಮೇಲಿನ ಮಾತು.

ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ. ಆ ಮುಖವನ್ನು ಒಂದು ಸಲಕ್ಕೆ ಎಷ್ಟು ಹೊತ್ತು ನೋಡುತ್ತಾ ಕೂರೋಕೆ ನಿಮಗೆ ಆಗುತ್ತದೆ? ಹತ್ತು ನಿಮಿಷವಾ, ಒಂದು ಗಂಟೆಯಾ, ಅಥವಾ ತಿಂಗಳುಗಟ್ಟಲೆ ದಿನಾ ಸ್ವಲ್ಪ ಸ್ವಲ್ಪವಾ? ಇನ್ನೊಂದು, ಗೆರೆ ತಪ್ಪಿದರೆ ಅಳಿಸಿ ತಿದ್ದುವ ಅವಕಾಶ ಇದ್ದರೆ ನಿಮಗೆ ಸಮಾಧಾನವಾ, ಅಥವಾ ತಿದ್ದುತ್ತಾ ಕೂರುವುದೇ ಒಂದು ಹಿಂಸೆಯಾಗುತ್ತದಾ? ಇವೆರಡಕ್ಕೆ ನಿಜವಾದ ಉತ್ತರ ಸಿಕ್ಕರೆ ಬಣ್ಣದ ಆಯ್ಕೆ ಅರ್ಧ ಮುಗಿದ ಹಾಗೆ. ನಾನು ಇಲ್ಲಿ ಪ್ರತಿಯೊಂದನ್ನೂ ಈ ಎರಡು ಪ್ರಶ್ನೆ ಇಟ್ಟುಕೊಂಡೇ ಹೋಲಿಸುತ್ತೇನೆ.

"ಸುಮ್ನೆ ಒಂದು ನಾಯಿ ತಾನೆ" ಅನ್ನುವವರು ಎಲ್ಲ ಕಡೆ ಇರುತ್ತಾರೆ. ಸುತ್ತಲಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ ಅನ್ನುವ ವಿದ್ವಾಂಸರು 1989ರಲ್ಲೇ ಬರೆದಿದ್ದಾರೆ. ಮನುಷ್ಯರು ಹೋದಾಗ ಜನ ಬರುತ್ತಾರೆ, ಕೂರುತ್ತಾರೆ, ಹೋದವರ ಬಗ್ಗೆ ಮಾತಾಡುತ್ತಾರೆ. ನಾಯಿ ಹೋದರೆ ಮಾರನೇ ದಿನ ಏನೂ ಆಗದವರ ಹಾಗೆ ಕೆಲಸಕ್ಕೆ ಹೋಗಬೇಕು. ಹೋದ ಜೀವದ ಬಗ್ಗೆಯೇ ಒಂದಿಷ್ಟು ಹೊತ್ತು ಯೋಚಿಸುತ್ತಾ ಕೂರೋಕೆ ಚಿತ್ರ ಒಂದು ನೆಪ ಕೊಡುತ್ತದೆ. ಅದಕ್ಕೇ ಇದು ಬರೀ ಹವ್ಯಾಸದ ಮಾತಲ್ಲ ಅಂತ ನನಗೆ ಅನಿಸುವುದು.

ಕಳೆದುಕೊಂಡದ್ದು ನಾಯಿಯನ್ನೇ ಆಗಿರಬೇಕು ಅಂತಲೂ ಇಲ್ಲ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಅವರ ಹತ್ತಿರದ ಗೆಳೆಯ ಹೆನ್ರಿ ಗೆಲ್ಡ್‌ಜಾಲರ್ 1994ರಲ್ಲಿ ತೀರಿಕೊಂಡರು. ಅದಾದ ಮೇಲೆ ಹಾಕ್ನಿ ತಮ್ಮ ಎರಡು ಡ್ಯಾಶ್‌ಹಂಡ್ ನಾಯಿಗಳನ್ನು, ಸ್ಟ್ಯಾನ್ಲಿ ಮತ್ತು ಬೂಜಿಯನ್ನು, ಒಂದರ ಹಿಂದೆ ಒಂದರಂತೆ ಬಿಡಿಸುತ್ತಾ ಹೋದರು. ನಾಯಿ ಯಾವಾಗ ಎಲ್ಲಿ ಮಲಗುತ್ತದೋ ಗೊತ್ತಿಲ್ಲವಲ್ಲ, ಅದಕ್ಕೆ ಮನೆಯಲ್ಲಿ ಅಲ್ಲಲ್ಲಿ ತಗ್ಗಾದ ಚಿತ್ರಪೀಠಗಳನ್ನು (ಈಸೆಲ್) ಇಟ್ಟುಕೊಂಡಿದ್ದರು. ಬಣ್ಣ ಕಲಸಿಟ್ಟು ಕಾಯುತ್ತಿದ್ದರು. ಮನುಷ್ಯರನ್ನು ಕಳೆದುಕೊಂಡು, ಮನೆಯಲ್ಲಿ ಬದುಕಿರುವ ನಾಯಿಯನ್ನು ಬಿಡಿಸುತ್ತಾ ಸಮಾಧಾನ ಹುಡುಕುವವರಿಗೂ ಕೆಳಗಿನ ಮಾತು ಹೆಚ್ಚುಕಮ್ಮಿ ಹಾಗೇ ಹೊಂದುತ್ತದೆ. ಒಂದೇ ವ್ಯತ್ಯಾಸ, ನಿಮಗೆ ಫೋಟೋ ಬೇಕಿಲ್ಲ.

ಈಗಲೇನಾ, ಆಮೇಲಾ

"ಸ್ವಲ್ಪ ದಿನ ಹೋಗಲಿ, ಮನಸ್ಸು ತಿಳಿಯಾದ ಮೇಲೆ ಬಿಡಿಸು" ಅನ್ನುವುದು ಎಲ್ಲರೂ ಕೊಡುವ ಸಲಹೆ. ನಾನು ಪೂರ್ತಿ ಒಪ್ಪುವುದಿಲ್ಲ. ದುಃಖದ ಬಗ್ಗೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ ಒಂದು ವಿಚಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ದುಃಖದಲ್ಲಿ ಇರುವವರು ಒಂದು ಹೊತ್ತು ಕಳೆದುಕೊಂಡದ್ದರ ಕಡೆ ತಿರುಗುತ್ತಾರೆ, ಇನ್ನೊಂದು ಹೊತ್ತು ಬದುಕಿನ ಕೆಲಸದ ಕಡೆ ತಿರುಗುತ್ತಾರೆ, ಹೀಗೆ ಆಚೆ ಈಚೆ ಹೋಗಿ ಬರುವುದೇ ಸಹಜ ಅನ್ನುವುದು ಅವರ ಮಾತು. ಒಂದು ಕಡೆಯೇ ನಿಂತರೆ ಕಷ್ಟ. ಹಾಗಾಗಿ ಮೊದಲ ವಾರವೇ ಕೈ ತುರಿಸುತ್ತಿದ್ದರೆ ಬಿಡಿಸಿ. ಆದರೆ ಎದ್ದು ಬರುವ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು, ಅದು ಹೊಡೆದಾಗ ಮುಖ ಅರ್ಧವೇ ಆಗಿದ್ದರೂ ಎದ್ದು ಬಿಡಿ.

ಮೊದಲ ವಾರಗಳಲ್ಲಿ ಬಿಡಿಸುವುದಕ್ಕೆ ಒಂದು ದೊಡ್ಡ ಲಾಭವೂ ಇದೆ. ನೆನಪು ಇನ್ನೂ ಹಸಿಯಾಗಿರುತ್ತದೆ. ಕಿವಿಯ ತುದಿಯಲ್ಲಿ ಎಂದೋ ಕಚ್ಚಾಡಿ ಆದ ಸೀಳು, ಒಂದೇ ಕಾಲಿನಲ್ಲಿ ಇದ್ದ ಬಿಳಿ ಉಗುರು, ಕುತ್ತಿಗೆಯ ಪಟ್ಟಿ ಉಜ್ಜಿ ಕೂದಲು ತೆಳುವಾದ ಜಾಗ. ಇವು ಫೋಟೋದಲ್ಲಿ ಕಾಣುವುದಿಲ್ಲ. ಚಿತ್ರ ಆಮೇಲೆ ಬಿಡಿಸುವುದೇ ಆದರೂ ಇವನ್ನು ಈಗಲೇ ಒಂದು ಕಾಗದದ ಮೇಲೆ ಗೀಚಿ, ಪಕ್ಕದಲ್ಲಿ ಬರೆದಿಡಿ. ಕೂದಲಿನ ಬಣ್ಣವನ್ನೂ ಬರೆದಿಡಿ. ಬ್ರಷ್ಷಿನಲ್ಲೋ ಹಾಸಿಗೆಯಲ್ಲೋ ಒಂದಿಷ್ಟು ಕೂದಲು ಸಿಕ್ಕರೆ ತೆಗೆದಿಡಿ. ಬಣ್ಣ ಕಲಸುವಾಗ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಯಾವ ಫೋಟೋ

ಫೋನಿನಲ್ಲಿ ಸಾವಿರ ಫೋಟೋ ಇರುತ್ತದೆ, ಬಿಡಿಸೋಕೆ ಆಗುವಂಥದ್ದು ನಾಲ್ಕೈದು ಇದ್ದರೆ ಹೆಚ್ಚು.

ಫೋನಿನ ಕ್ಯಾಮೆರಾದ ಲೆನ್ಸು ಅಗಲ ನೋಟದ್ದು. ಮುಖದ ಹತ್ತಿರ ಹಿಡಿದು ತೆಗೆದರೆ ಮೂಗು ದೊಡ್ಡದಾಗಿ, ಕಣ್ಣು ಕಿವಿ ಹಿಂದಕ್ಕೆ ಸರಿದು ಸಣ್ಣದಾಗಿ ಕಾಣುತ್ತವೆ. ಫೋಟೋ ನೋಡುವಾಗ ಅದು ಮುದ್ದಾಗಿಯೇ ಇರುತ್ತದೆ. ಅದನ್ನೇ ನೋಡಿ ಬಿಡಿಸಿದರೆ ಮಾತ್ರ "ಎಲ್ಲ ಸರಿ ಇದೆ, ಆದರೆ ಇದು ನಮ್ಮದಲ್ಲ" ಅನಿಸುತ್ತದೆ. ಎಷ್ಟೋ ಜನ ತಮ್ಮ ಕೈಯನ್ನು ಬೈದುಕೊಳ್ಳುವುದು ಇಲ್ಲಿ. ತಪ್ಪು ಅಷ್ಟು ಹತ್ತಿರದಿಂದ ತೆಗೆದ ಫೋಟೋದ್ದು. ಆರೇಳು ಅಡಿ ದೂರದಿಂದ, ನಾಯಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ ತೆಗೆದ ಫೋಟೋ ಹುಡುಕಿ. ಸಿಗದಿದ್ದರೆ ದೂರದಿಂದ ತೆಗೆದ ವಿಡಿಯೋಗಳನ್ನು ನೋಡಿ, ಅದರಿಂದ ಒಂದು ಚಿತ್ರ ನಿಲ್ಲಿಸಿ ತೆಗೆದುಕೊಳ್ಳಿ. ಸ್ವಲ್ಪ ಮಸುಕಾಗಿದ್ದರೂ ಅಳತೆ ಸರಿ ಇರುತ್ತದೆ.

ಫ್ಲ್ಯಾಶ್ ಹಾಕಿ ತೆಗೆದದ್ದು ಬೇಡ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಎಸೆಯುವ ಒಂದು ಪದರ ಇದೆ, ಅದಕ್ಕೇ ಕಣ್ಣು ಹಸಿರೋ ಹಳದಿಯೋ ಆಗಿ ಹೊಳೆಯುತ್ತದೆ. ಜೊತೆಗೆ ಮುಖದ ನೆರಳೆಲ್ಲ ಅಳಿಸಿಹೋಗಿ ಚಪ್ಪಟೆಯಾಗುತ್ತದೆ. ಕಿಟಕಿಯ ಬೆಳಕು ಒಂದು ಪಕ್ಕದಿಂದ ಬಿದ್ದಿರುವ ಫೋಟೋ ಎಲ್ಲಕ್ಕಿಂತ ಒಳ್ಳೆಯದು.

ಇನ್ನು, ಯಾವ ಕಾಲದ ಫೋಟೋ? ದುಃಖದಲ್ಲಿ ಇದ್ದಾಗ ಕೈ ತಾನಾಗಿ ಕೊನೆಯ ವಾರದ ಫೋಟೋಗೆ ಹೋಗುತ್ತದೆ. ಸೊರಗಿದ ಮುಖ, ಚುಚ್ಚುಮದ್ದಿಗೆ ಕೂದಲು ಬೋಳಿಸಿದ ಕಾಲು. ನನ್ನ ಅಭಿಪ್ರಾಯ, ಮೊದಲ ಚಿತ್ರಕ್ಕೆ ಅದು ಬೇಡ. ಚಿತ್ರ ಬಿಡಿಸುವಾಗ ಒಂದು ಮುಖವನ್ನು ಎಷ್ಟು ಗಮನ ಇಟ್ಟು ನೋಡುತ್ತೀರೋ ಅಷ್ಟೇ ಆಳವಾಗಿ ಅದು ನೆನಪಿನಲ್ಲಿ ಕೂರುತ್ತದೆ. ಆ ಗಮನವನ್ನು ಕಾಯಿಲೆಗಿಂತ ಮೊದಲಿನ ಮುಖಕ್ಕೆ ಕೊಡಿ. ಆದರೆ ಮುಪ್ಪು ಬೇರೆ, ಕಾಯಿಲೆ ಬೇರೆ. ಮೂತಿಯ ಸುತ್ತ ಬೆಳ್ಳಗಾದ ಕೂದಲು, ವಯಸ್ಸಾದ ನಾಯಿಯ ಕಣ್ಣಿನೊಳಗೆ ಬರುವ ತಿಳಿ ನೀಲಿ ಮಬ್ಬು, ಇವನ್ನು ಅಳಿಸಿ ಮರಿಯ ಹಾಗೆ ಮಾಡಬೇಕಿಲ್ಲ. ಹತ್ತು ಹದಿನೈದು ವರ್ಷ ಜೊತೆಗೆ ಇದ್ದದ್ದರ ಗುರುತು ಅದು.

ಗೆರೆ ಎತ್ತಿಕೊಳ್ಳುವ ಬಗ್ಗೆಯೂ ಒಂದು ಮಾತು. ಫೋಟೋವನ್ನು ಬೇಕಾದ ಅಳತೆಗೆ ಮುದ್ರಿಸಿ, ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಕಾಗದ ಇಟ್ಟು ಹೊರಗೆರೆ ಎತ್ತಿಕೊಳ್ಳುವುದು ಮೋಸ ಅಂತ ಕೆಲವರು ಹೇಳುತ್ತಾರೆ. ಕಲಿಯುವವರಿಗೆ ಅದು ಸರಿಯಿರಬಹುದು. ನೀವು ಈಗ ಪರೀಕ್ಷೆಗೆ ಕೂತಿಲ್ಲ. ಕಣ್ಣು, ಮೂಗು, ಕಿವಿಯ ಜಾಗ ಸರಿಯಾಗಿ ಬಂದುಬಿಟ್ಟರೆ ಉಳಿದ ಹೊತ್ತನ್ನೆಲ್ಲ ಬಣ್ಣಕ್ಕೆ, ನೆನಪಿಗೆ ಕೊಡಬಹುದು. ಧೈರ್ಯವಾಗಿ ಎತ್ತಿಕೊಳ್ಳಿ.

ಇದ್ದಿಲು ಮತ್ತು ಪೆನ್ಸಿಲ್

ಒಂದು ಸಲಕ್ಕೆ ಹತ್ತು, ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೂರೋಕೆ ಆಗದವರಿಗೆ ನಾನು ಮೊದಲು ಹೇಳುವುದು ಇದ್ದಿಲು. ವಿಲೋ ಅನ್ನುವ ಮರದ ಕಡ್ಡಿಯನ್ನು ಸುಟ್ಟು ಮಾಡಿದ ಮೆತ್ತನೆಯ ಇದ್ದಿಲು ಬಟ್ಟೆಯಲ್ಲಿ ಒರೆಸಿದರೆ ಹೋಗಿಬಿಡುತ್ತದೆ. ಹಾಗಾಗಿ ಯಾವ ಗೆರೆಗೂ ಹೆದರಬೇಕಿಲ್ಲ. ಇದರಲ್ಲಿ ಒಂದು ವಿಧಾನ ದುಃಖದ ಹೊತ್ತಿಗೆ ಹೇಳಿ ಮಾಡಿಸಿದ ಹಾಗಿದೆ. ಕಾಗದವನ್ನೆಲ್ಲ ಇದ್ದಿಲಿನಿಂದ ಬೂದು ಮಾಡಿ, ಆಮೇಲೆ ಹಿಟ್ಟಿನಂತೆ ನಾದುವ ಮೆತ್ತನೆಯ ರಬ್ಬರಿನಿಂದ ಬೆಳಕಿನ ಜಾಗಗಳನ್ನು ಎತ್ತುತ್ತಾ ಹೋಗುವುದು. ಮೂಗಿನ ಮೇಲಿನ ಒದ್ದೆ ಹೊಳಪು, ಹುಬ್ಬಿನ ಉಬ್ಬು, ಕಿವಿಯ ಅಂಚು. ಖಾಲಿ ಬಿಳಿ ಕಾಗದವನ್ನು ಎದುರಿಸುವ ಕಷ್ಟ ಇಲ್ಲ. ಕತ್ತಲಿನಿಂದ ಮುಖ ತಾನಾಗಿ ಹೊರಗೆ ಬರುತ್ತದೆ.

ಕಪ್ಪು ನಾಯಿಗಂತೂ ಇದ್ದಿಲನ್ನು ಮೀರಿದ್ದಿಲ್ಲ. ಪೆನ್ಸಿಲ್ಲಿನ ಗ್ರಾಫೈಟ್ ಎಷ್ಟು ಒತ್ತಿದರೂ ಬೆಳ್ಳಿಯ ಹಾಗೆ ಮಿನುಗುತ್ತದೆ, ಕಪ್ಪಾಗುವುದಿಲ್ಲ. ಇದ್ದಿಲಿನ ಕಪ್ಪು ಆಳವಾಗಿರುತ್ತದೆ. ಆದರೆ ಕೈ ತಾಗಿದರೆ ಹರಡುತ್ತದೆ. ಮುಗಿದ ಮೇಲೆ ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಫಿಕ್ಸೇಟಿವ್ ಸ್ಪ್ರೇ ಹೊಡೆಯಬೇಕು, ಅದನ್ನು ಗಾಳಿ ಆಡುವ ಹೊರಗಡೆಯೇ ಹೊಡೆಯಿರಿ.

ಪೆನ್ಸಿಲ್ ಬೇಕೆನ್ನುವವರಿಗೆ ಎಚ್‌ಬಿ, 2ಬಿ, 6ಬಿ ಮೂರು ಸಾಕು. ತಿಳಿ ಬಣ್ಣದ, ಉದ್ದ ಕೂದಲಿನ ನಾಯಿಗೆ ಇದು ಚೆನ್ನ. ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಎಲ್ಲಿ ಬೇಕಾದರೂ ಬಿಡಿಸಬಹುದು.

ಬಣ್ಣದ ಪೆನ್ಸಿಲ್

ಇದು ಇದ್ದಿಲಿಗೆ ಪೂರ್ತಿ ಉಲ್ಟಾ. ಒಂದು ಮುಖ ಮುಗಿಯೋಕೆ ಹತ್ತಾರು ಗಂಟೆ ಹಿಡಿಯುತ್ತದೆ. ತುದಿಯನ್ನು ಚೂಪು ಮಾಡುತ್ತಾ, ಪದರದ ಮೇಲೆ ಪದರ ಹಾಕುತ್ತಾ, ಕೂದಲು ಕೂದಲಾಗಿ ಬಿಡಿಸಬೇಕು. ಗಾಢ ಬಣ್ಣದ ಮೇಲೆ ಬಿಳಿ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಮೀಸೆಯ ಕೂದಲಿಗೆ ಮೊದಲೇ ಮೊಂಡು ಸೂಜಿಯಿಂದ ಕಾಗದದ ಮೇಲೆ ಗೀರಿಟ್ಟುಕೊಂಡರೆ, ಮೇಲೆ ಬಣ್ಣ ಹಚ್ಚಿದಾಗ ಆ ಗೀರು ಬೆಳ್ಳಗೆ ಉಳಿಯುತ್ತದೆ.

ಕೈಗೆ ಏನಾದರೂ ಕೆಲಸ ಬೇಕು, ಮನಸ್ಸಿಗೆ ಸಣ್ಣ ಸಣ್ಣ ಗುರಿ ಬೇಕು ಅನ್ನುವವರಿಗೆ ಇದು ಒಳ್ಳೆಯದು. ಇವತ್ತು ಎಡಗಿವಿ, ನಾಳೆ ಕೆನ್ನೆ. ಅಪಾಯ ಒಂದೇ, ಫೋಟೋಗೆ ಅಂಟಿಕೊಂಡುಬಿಡುತ್ತೀರಿ. ಒಂದೊಂದು ಕೂದಲನ್ನೂ ನಕಲು ಮಾಡಿದ ಚಿತ್ರ ಕೊನೆಗೆ ಫೋಟೋದ ಹಾಗೇ ಕಾಣುತ್ತದೆ. ಫೋಟೋ ಹೇಗೂ ಇದೆ, ಅಲ್ವಾ?

ಜಲವರ್ಣ

ತಿದ್ದುವ ಚಟ ಇರುವವರಿಗೆ ಜಲವರ್ಣ ಒಂದು ಬಿಡುಗಡೆ, ಎಲ್ಲವೂ ಸರಿಯಾಗಿ ಬರಲೇಬೇಕು ಅನ್ನುವವರಿಗೆ ಅದೇ ಒಂದು ಯಾತನೆ. ಹಾಕಿದ ಬಣ್ಣವನ್ನು ಪೂರ್ತಿ ವಾಪಸ್ ತೆಗೆಯೋಕೆ ಆಗುವುದಿಲ್ಲ. ಬಿಳಿ ಅಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ. ಹಾಗಾಗಿ ಕಣ್ಣಿನ ಹೊಳಪು, ಬಿಳಿ ಮೀಸೆ ಎಲ್ಲಿ ಬರುತ್ತವೆ ಅನ್ನುವುದನ್ನು ಶುರುವಿಗೇ ಗೊತ್ತು ಮಾಡಿಕೊಂಡು ಆ ಜಾಗ ಬಿಡಬೇಕು.

ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಇಟ್ಟರೆ ಅದು ತಾನೇ ಹರಡಿಕೊಂಡು ಮೆತ್ತನೆಯ ಅಂಚಾಗುತ್ತದೆ. ಉದ್ದ ಕೂದಲಿನ ನಾಯಿಯ ಎದೆ, ಕುತ್ತಿಗೆ ಹೀಗೆ ಐದು ನಿಮಿಷದಲ್ಲಿ ಬಂದುಬಿಡುತ್ತದೆ. ಕಣ್ಣು ಮೂಗನ್ನು ಮಾತ್ರ ಕಾಗದ ಒಣಗಿದ ಮೇಲೆ ಚೂಪಾಗಿ ಬಿಡಿಸಿ, ಉಳಿದದ್ದನ್ನು ಹರಿಯೋಕೆ ಬಿಟ್ಟರೆ ಸಾಕು. ನೆನಪು ಇರುವುದೂ ಹಾಗೇ, ನಡುವೆ ಸ್ಪಷ್ಟ, ಅಂಚಿನಲ್ಲಿ ಮಸುಕು. ಜಲವರ್ಣದ ಚಿತ್ರಗಳು ಇಷ್ಟು ತಟ್ಟುವುದು ಅದಕ್ಕೇ ಇರಬೇಕು.

ಕಾಗದದಲ್ಲಿ ಮಾತ್ರ ಜಿಪುಣತನ ಬೇಡ. 300 ಜಿಎಸ್‌ಎಂ (ಕಾಗದದ ದಪ್ಪ ಹೇಳುವ ಅಳತೆ) ಇರಲಿ, ಸಾಧ್ಯವಾದರೆ ಪೂರ್ತಿ ಹತ್ತಿಯದ್ದು. ತೆಳು ಕಾಗದ ನೀರಿಗೆ ಸುಕ್ಕುಗಟ್ಟಿ ಬಣ್ಣ ಅಲ್ಲಲ್ಲಿ ನಿಲ್ಲುತ್ತದೆ, ಆಗ ಎಂಥವರಿಗೂ ತಾಳ್ಮೆ ಹೋಗುತ್ತದೆ. ಬಣ್ಣ ಒಣಗಿದಾಗ ಒಂದು ಛಾಯೆ ತಿಳಿಯಾಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಸ್ವಲ್ಪ ಗಾಢವಾಗಿ ಹಾಕಿ. ಟ್ಯೂಬಿನ ಮೇಲೆ ಬೆಳಕಿಗೆ ಎಷ್ಟು ಬಾಳುತ್ತದೆ ಅಂತ ಬರೆದಿರುತ್ತದೆ, ಅದನ್ನು ಓದಿ. ಅಲಿಜರಿನ್ ಕ್ರಿಮ್ಸನ್‌ನಂಥ ಹಳೆಯ ಕೆಂಪು ಬಣ್ಣ ಬೆಳಕಿಗೆ ಮಾಸುತ್ತದೆ. ಕೆಂಗಂದು ನಾಯಿಗೆ ಬರ್ನ್ಟ್ ಸಿಯೆನಾ ಅನ್ನುವ ಮಣ್ಣಿನ ಬಣ್ಣ ಹಾಕಿದರೆ ಆ ಭಯ ಇಲ್ಲ.

ಎಣ್ಣೆಬಣ್ಣ

ಒಂದೇ ಒಂದು ಚಿತ್ರ, ದೊಡ್ಡದು, ಗೋಡೆಗೆ ಹಾಕುವಂಥದ್ದು ಬೇಕು, ಎಷ್ಟು ತಿಂಗಳಾದರೂ ಪರವಾಗಿಲ್ಲ ಅನ್ನುವವರಿಗೆ ನಾನು ಎಣ್ಣೆಬಣ್ಣವನ್ನೇ ಹೇಳುತ್ತೇನೆ. ಅದು ನಿಧಾನವಾಗಿ ಒಣಗುತ್ತದೆ ಅನ್ನುವುದನ್ನು ಎಲ್ಲರೂ ದೋಷ ಅಂತ ಬರೆಯುತ್ತಾರೆ. ಇಲ್ಲಿ ಅದೇ ಗುಣ. ಇವತ್ತು ಹಾಕಿದ ಬಣ್ಣ ನಾಳೆಯೂ ಹಸಿಯಾಗಿರುತ್ತದೆ. ಅಳು ಬಂದು ನಡುವೆ ಎದ್ದು ಹೋದರೂ ಏನೂ ಕೆಡುವುದಿಲ್ಲ. ಇಷ್ಟವಾಗದಿದ್ದರೆ ಚಾಕುವಿನಿಂದ ಕೆರೆದು ಮತ್ತೆ ಶುರು ಮಾಡಬಹುದು. ಕೆರೆದ ಮೇಲೂ ಹಿಂದಿನ ದಿನದ ಮುಖ ಕ್ಯಾನ್ವಾಸಿನ ಮೇಲೆ ತೆಳುವಾಗಿ ಉಳಿದಿರುತ್ತದೆ, ಅದರ ಮೇಲೇ ಮುಂದುವರಿಯಬಹುದು.

ಎಣ್ಣೆಬಣ್ಣದಲ್ಲಿ ಇರುವ ನಾರಗಸೆ (ಲಿನ್‌ಸೀಡ್) ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವುದರಿಂದ ಬಣ್ಣ ಒಣಗುತ್ತದೆ, ನೀರಿನ ಹಾಗೆ ಆವಿಯಾಗಿ ಅಲ್ಲ. ಅದಕ್ಕೇ ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲಿನ ಪದರದಲ್ಲಿ ಜಾಸ್ತಿ ಇರಬೇಕು. ಉಲ್ಟಾ ಆದರೆ ಮುಂದೆ ಬಿರುಕು ಬಿಡುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗೋಕೆ ಕೆಲವು ದಿನ ಸಾಕು. ವಾರ್ನಿಶ್ ಹಚ್ಚೋಕೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಕಾಯಬೇಕು ಅನ್ನುತ್ತಾರೆ. ನಾಯಿ ಹೋದ ಮೊದಲ ತಿಂಗಳುಗಳಲ್ಲಿ ಶುರು ಮಾಡಿದರೆ, ಕೊನೆಯ ಕೆಲಸ ಹೆಚ್ಚುಕಮ್ಮಿ ವರ್ಷ ತುಂಬುವ ಹೊತ್ತಿಗೆ ಬರುತ್ತದೆ. ಆ ದಿನ ಏನು ಮಾಡಲಿ ಅಂತ ತೋಚದವರಿಗೆ ಕೈಗೆ ಒಂದು ಕೆಲಸ ಇರುತ್ತದೆ.

ಎಚ್ಚರಿಕೆ ಬೇಕಾದ್ದು ಎರಡು ಕಡೆ. ನಾರಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ಒಳಗೊಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ. ಇನ್ನೊಂದು ಟರ್ಪಂಟೈನ್. ಮನೆಯಲ್ಲಿ ಬೇರೆ ನಾಯಿ, ಬೆಕ್ಕು ಇದ್ದರೆ ಅದು ಬೇಡವೇ ಬೇಡ, ಅವುಗಳಿಗೆ ವಿಷ. ನೀರಿನಲ್ಲಿ ಕಲಸುವ ಎಣ್ಣೆಬಣ್ಣ ಸಿಗುತ್ತದೆ, ಅದನ್ನು ತಗೊಳ್ಳಿ.

ಉಳಿದವು

ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತದೆ, ವಾಸನೆ ಕಮ್ಮಿ, ತಪ್ಪಿದ್ದರ ಮೇಲೆ ಮತ್ತೆ ಬಿಡಿಸಬಹುದು. ಆದರೆ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ, ಮೆತ್ತನೆಯ ಕೂದಲಿಗೆ ಬೇಕಾದಷ್ಟು ಹೊತ್ತು ಕೊಡುವುದಿಲ್ಲ. ಒಂದು ಶನಿವಾರದಲ್ಲಿ ಮುಗಿಸಿ ಗೋಡೆಗೆ ಹಾಕಬೇಕು ಅನ್ನುವವರಿಗೆ ಸರಿ.

ಟ್ಯಾಬ್ಲೆಟ್ಟಿನಲ್ಲಿ ಬಿಡಿಸುವುದೂ ಚಿತ್ರವೇ. ಹಾಸಿಗೆಯಿಂದ ಏಳೋಕೂ ಮನಸ್ಸಿಲ್ಲದ ದಿನಗಳಲ್ಲಿ ಅದು ಕೈಗೆ ಸಿಗುತ್ತದೆ. ಆದರೆ ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗುವ 'ಅನ್‌ಡೂ' ಬಟನ್ನಿಗೆ ಕೊನೆ ಇಲ್ಲ. ಕಣ್ಣನ್ನು ಅಳಿಸಿ ಬರೆದು ಅಳಿಸಿ ಬರೆದು ರಾತ್ರಿ ಕಳೆಯುವವರು ಇದ್ದಾರೆ. ಫೋಟೋ ಹಾಕಿದರೆ ಚಿತ್ರ ಮಾಡಿಕೊಡುವ ಆ್ಯಪ್‌ಗಳ ಮಾತು ಬೇರೆ. ಅದರಿಂದ ಒಂದು ವಸ್ತು ಸಿಗುತ್ತದೆ, ಬಿಡಿಸುತ್ತಾ ಕೂತ ಹೊತ್ತು ಸಿಗುವುದಿಲ್ಲ.

ಒಣ ಪ್ಯಾಸ್ಟೆಲ್, ಅಂದರೆ ಸೀಮೆಸುಣ್ಣದಂಥ ಬಣ್ಣದ ಕಡ್ಡಿ, ಅದರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಬೆರಳು ನೇರವಾಗಿ ತುಂಬ ಕೆಲಸ ಮಾಡುವ ಮಾಧ್ಯಮ ಇದು. ಬಣ್ಣವನ್ನು ಕಾಗದದ ಮೇಲೆ ಹಚ್ಚಿ, ಕೂದಲು ಇರುವ ದಿಕ್ಕಿನಲ್ಲಿ ಬೆರಳಿನಿಂದ ಸವರಬೇಕು. ಮೂಗಿನಿಂದ ಹಣೆಯ ಕಡೆಗೆ, ಕೆನ್ನೆಯಿಂದ ಕಿವಿಯ ಹಿಂದಕ್ಕೆ. ವರ್ಷಗಟ್ಟಲೆ ತಲೆ ಸವರಿದ ಕೈಗೆ ಆ ದಾರಿ ಮೊದಲೇ ಗೊತ್ತು. ಕಣ್ಣಿಗಿಂತ ಚೆನ್ನಾಗಿ ಗೊತ್ತು. ಕೆಲವರಿಗೆ ಇದೇ ದೊಡ್ಡ ಸಮಾಧಾನ, ಕೆಲವರಿಗೆ ತಡೆಯೋಕೆ ಆಗದಷ್ಟು ಹತ್ತಿರ. ನೀವು ಯಾವ ಥರದವರು ಅನ್ನುವುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡನೆಯ ಥರದವರಾದರೆ ಈಗ ಎತ್ತಿಟ್ಟು ಇದ್ದಿಲಿಗೆ ಬನ್ನಿ. ಪುಡಿಯನ್ನು ಊದಬೇಡಿ, ಕಾಗದ ಬಗ್ಗಿಸಿ ಕೊಡವಿ. ಮಾಸ್ಕ್ ಹಾಕಿಕೊಳ್ಳಿ. ಮುಗಿದ ಮೇಲೆ ಗಾಜು ಹಾಕಿದ ಚೌಕಟ್ಟು ಬೇಕೇ ಬೇಕು.

ಕಣ್ಣು, ಮತ್ತು ಕಣ್ಣಿನ ಮೇಲೆ

ಯಾವ ಬಣ್ಣ ಹಿಡಿದರೂ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಕಣ್ಣಿನಲ್ಲಿ. ನಾಯಿಯ ಕಣ್ಣು ಒಂದು ಕಪ್ಪು ಗುಂಡು ಅಲ್ಲ. ಸುತ್ತ ಗಾಢ ರೆಪ್ಪೆಯಂಚು, ಒಳಗೆ ಕಂದು, ನಡುವೆ ದುಂಡನೆಯ ಪಾಪೆ. ಮೇಲಿನ ರೆಪ್ಪೆಯ ನೆರಳು ಬೀಳುವುದರಿಂದ ಕಂದಿನ ಮೇಲಿನ ಅರ್ಧ ಕತ್ತಲು. ಬೆಳಕಿನ ಚುಕ್ಕೆ ಪಾಪೆ ಮತ್ತು ಕಂದು ಸೇರುವ ಕಡೆ, ಬೆಳಕು ಬಂದ ಬದಿಯಲ್ಲಿ. ಅದಕ್ಕೆ ಎದುರು ಮೂಲೆಯಲ್ಲಿ, ಕೆಳಗೆ, ಕಂದು ಒಂದು ಕಮಾನಿನ ಹಾಗೆ ಬೆಳಗುತ್ತದೆ. ಆ ಕಮಾನು ಹಾಕಿದ ತಕ್ಷಣ ಕಣ್ಣಿಗೆ ಆಳ ಬರುತ್ತದೆ. ಚುಕ್ಕೆ ಒಂದೇ ಸಾಕು, ಎರಡೂ ಕಣ್ಣಿನಲ್ಲಿ ಒಂದೇ ಬದಿಗೆ ಇರಲಿ.

ಇಷ್ಟೆಲ್ಲ ಸರಿ ಇದ್ದರೂ "ಅದರ ನೋಟ ಬರಲಿಲ್ಲ" ಅನಿಸಿದರೆ ಕಣ್ಣು ಬಿಟ್ಟು ಅದರ ಮೇಲೆ ನೋಡಿ. ನಾಯಿಗಳಿಗೆ ಒಳಹುಬ್ಬನ್ನು ಮೇಲಕ್ಕೆ ಎತ್ತುವ ಒಂದು ಸ್ನಾಯು ಇದೆ, ತೋಳಗಳಲ್ಲಿ ಅದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅಂತ 2019ರಲ್ಲಿ ಸಂಶೋಧಕಿ ಜೂಲಿಯಾನೆ ಕಮಿನ್‌ಸ್ಕಿ ಮತ್ತು ಜೊತೆಗಾರರು ತೋರಿಸಿದರು. ಬಾಗಿಲಲ್ಲಿ ನಿಮ್ಮನ್ನು ನೋಡುತ್ತಿದ್ದ ಆ ಬೇಡುವ ನೋಟ ಆ ಸ್ನಾಯುವಿನದು. ಕಣ್ಣುಗುಡ್ಡೆ ಬಿಡಿಸಿ ಅದು ಬರುವುದಿಲ್ಲ. ಒಳಹುಬ್ಬಿನ ನೆರಳನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿ ನೋಡಿ.

ಕಪ್ಪು ಕೂದಲಿಗೆ ಟ್ಯೂಬಿನ ಕಪ್ಪು ಬೇಡ, ಚಿತ್ರದಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಕಲಸಿ. ನೀಲಿ ಜಾಸ್ತಿ ಮಾಡಿದರೆ ಆಕಾಶದ ಬೆಳಕು ಬಿದ್ದ ಬೆನ್ನು, ಕಂದು ಜಾಸ್ತಿ ಮಾಡಿದರೆ ಬಿಸಿಲಿಗೆ ಕೆಂಪಾದ ಪಕ್ಕೆ. ಬಿಳಿ ನಾಯಿಯ ನೆರಳಿಗೂ ಬರೀ ಬೂದು ಹಾಕಬೇಡಿ, ಅದು ಮಲಗಿದ್ದ ಹಾಸಿನ ಬಣ್ಣ ಅದರ ಹೊಟ್ಟೆಯ ಮೇಲೆ ಬಿದ್ದಿರುತ್ತದೆ.

ಮುಖವನ್ನೇ ಬಿಡಿಸಬೇಕಾ

ಬೇಕಿಲ್ಲ. ಮುಖ ಬಿಡಿಸೋಕೆ ಧೈರ್ಯ ಬರದಿದ್ದರೆ ಪಾದ ಬಿಡಿಸಿ. ಮಲಗಿದ ಬೆನ್ನಿನ ಬಾಗು ಬಿಡಿಸಿ, ಕುತ್ತಿಗೆಯ ಪಟ್ಟಿ ಬಿಡಿಸಿ. ಬ್ರಿಟಿಷ್ ಚಿತ್ರಕಾರ ಲೂಸಿಯನ್ ಫ್ರಾಯ್ಡ್ ತಮ್ಮ ವಿಪೆಟ್ ತಳಿಯ ನಾಯಿ ಪ್ಲೂಟೋವನ್ನು ವರ್ಷಗಟ್ಟಲೆ ಬಿಡಿಸಿದವರು. ಅದು ಸತ್ತ ಮೇಲೆ, 2003ರಲ್ಲಿ, ತೋಟದಲ್ಲಿ ಅದನ್ನು ಹೂತ ಜಾಗವನ್ನು ಬಿಡಿಸಿದರು. ಚಿತ್ರದಲ್ಲಿ ನಾಯಿ ಇಲ್ಲ. ಕಣ್ಣಿನ ಅಳತೆ, ಕೂದಲಿನ ದಿಕ್ಕು ಯಾವುದರ ಚಿಂತೆಯೂ ಇಲ್ಲದ ಇಂಥ ಚಿತ್ರ ಹೊಸಬರಿಗೆ ಸುಲಭ ಕೂಡ.

"ನನಗೆ ಬಿಡಿಸೋಕೆ ಬರಲ್ಲ" ಅಂತ ಹಿಂದೆ ಸರಿಯುವವರಿಗೆ ಒಂದು ವಿಷಯ. ಸಂಶೋಧಕಿ ಗಿರಿಜಾ ಕೈಮಲ್ ಮತ್ತು ಜೊತೆಗಾರರು 2016ರಲ್ಲಿ 39 ಜನರಿಗೆ 45 ನಿಮಿಷ ಏನಾದರೂ ಬಿಡಿಸೋಕೆ, ಮಾಡೋಕೆ ಹೇಳಿ, ಮೊದಲು ಮತ್ತು ಆಮೇಲೆ ಕಾರ್ಟಿಸಾಲ್ ಅಳೆದರು. ಒತ್ತಡವಾದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಸುಮಾರು ಶೇಕಡಾ 75 ಜನರಲ್ಲಿ ಅದು ಇಳಿದಿತ್ತು. ಮೊದಲು ಚಿತ್ರ ಬಿಡಿಸಿ ಅಭ್ಯಾಸ ಇತ್ತೋ ಇಲ್ಲವೋ ಅನ್ನುವುದರಿಂದ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ದುಃಖದಲ್ಲಿದ್ದವರ ಮೇಲೆ ಮಾಡಿದ್ದೂ ಅಲ್ಲ. ಆದರೂ ಕೈ ಪಳಗಿರಲೇಬೇಕು ಅನ್ನುವ ಭಯ ಬೇಡ ಅನ್ನೋಕೆ ಅಷ್ಟು ಸಾಕು.

ಚಿತ್ರ ಎಲ್ಲ ನೋವಿಗೂ ಮದ್ದಲ್ಲ ಅನ್ನುವುದನ್ನೂ ಹೇಳಲೇಬೇಕು. ಕೊನೆಯ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟದ್ದು ಸರಿಯೋ ತಪ್ಪೋ ಅನ್ನುವ ಪ್ರಶ್ನೆ ತಲೆಯಲ್ಲಿ ಸುತ್ತುತ್ತಲೇ ಇದ್ದರೆ, ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋಗಿದ್ದರೆ, ಕುಂಚ ಹಿಡಿದಾಗಲೆಲ್ಲ ಆ ಕೊನೆಯ ಗಂಟೆಯೇ ಕಣ್ಣ ಮುಂದೆ ಬರುತ್ತಿದ್ದರೆ, ಕುಂಚ ಇಟ್ಟು ಒಬ್ಬ ಆಪ್ತ ಸಲಹೆಗಾರರ ಹತ್ತಿರ ಮಾತಾಡಿ. ಅಲ್ಲಿ ಹೋಗೋಕೆ "ಬರೀ ನಾಯಿಗೆ" ಅಂತ ಸಂಕೋಚ ಪಡಬೇಡಿ.

ಬೇರೆಯವರ ಕೈಯಿಂದ, ಬೇರೆಯವರಿಗಾಗಿ

ಕಲಾವಿದರಿಗೆ ಹೇಳಿ ಮಾಡಿಸುವುದೂ ಒಳ್ಳೆಯ ಆಯ್ಕೆಯೇ. ನಿಮಗೆ ಬೇಕಾದ್ದು ಗೋಡೆಯ ಮೇಲೆ ಆ ಮುಖ, ಬಿಡಿಸುವ ಹೊತ್ತು ಅಲ್ಲ ಅನ್ನುವುದು ಖಚಿತವಾಗಿದ್ದರೆ ಹಾಗೇ ಮಾಡಿ. ಒಂದೇ ಫೋಟೋ ಕಳಿಸಬೇಡಿ. ಮುಖದ್ದು, ಪಕ್ಕದಿಂದ ತೆಗೆದದ್ದು, ಹಗಲು ಬೆಳಕಿನಲ್ಲಿ ಕೂದಲಿನ ನಿಜವಾದ ಬಣ್ಣ ತೋರಿಸುವುದು, ಮೂರೂ ಕಳಿಸಿ. ಜೊತೆಗೆ ಅದರ ಸ್ವಭಾವ ನಾಲ್ಕು ಸಾಲು ಬರೆಯಿರಿ. ಬಣ್ಣ ಹಾಕುವ ಮೊದಲು ಗೆರೆಚಿತ್ರ ತೋರಿಸಿ ಅಂತ ಕೇಳಿ. ನೋಟ ಸರಿಯಿಲ್ಲ ಅಂತ ಹೇಳೋಕೆ ಆಗ ಮಾತ್ರ ಅವಕಾಶ ಇರುತ್ತದೆ.

ನಿಮ್ಮ ನಾಯಿಯನ್ನು ಬಿಡಿಸಿದ ಮೇಲೆ ಬೇರೆಯವರೂ ಕೇಳುತ್ತಾರೆ. ಇದು ಖಂಡಿತ ಆಗುತ್ತದೆ. ಬೇರೆಯವರ ನಾಯಿಯನ್ನು ಬಿಡಿಸುವಾಗ ಕೈ ಹಗುರ, ಚಿತ್ರ ಚೆನ್ನಾಗಿ ಬರುತ್ತದೆ, ಯಾರಿಗೋ ಉಪಯೋಗವಾದೆ ಅನ್ನುವ ನೆಮ್ಮದಿಯೂ ಇದೆ. ಆದರೆ ಪ್ರತಿ ಫೋಟೋ ಜೊತೆ ಅವರ ಕಥೆಯೂ ಬರುತ್ತದೆ, ಕಾಯಿಲೆ, ಅಪಘಾತ, ಕೊನೆಯ ರಾತ್ರಿ. ನಿಮ್ಮದೇ ಇನ್ನೂ ಹಸಿಯಾಗಿರುವಾಗ ಒಂದಾದ ಮೇಲೆ ಒಂದು ಒಪ್ಪಿಕೊಳ್ಳಬೇಡಿ. ಒಂದು ಮುಗಿದು, ನಡುವೆ ಬದುಕಿರುವ ನಾಯಿಯೊಂದನ್ನು ಬಿಡಿಸಿ, ಆಮೇಲೆ ಇನ್ನೊಂದು.

ಗೆಳೆಯರ ನಾಯಿ ಹೋಗಿದೆ, ಅಚ್ಚರಿಯಾಗಿ ಚಿತ್ರ ಬಿಡಿಸಿ ಕೊಡೋಣ ಅನ್ನುವ ಆಸೆ ಇದ್ದರೆ ಒಂದು ಸಲ ಕೇಳಿ ನೋಡುವುದು ಒಳ್ಳೆಯದು. ತಯಾರಿಲ್ಲದ ಹೊತ್ತಿನಲ್ಲಿ ಪೊಟ್ಟಣ ಬಿಚ್ಚಿದಾಗ ಆ ಮುಖ ಎದುರಾಗುವುದು ಎಲ್ಲರಿಗೂ ಸಂತೋಷದ ವಿಷಯವಲ್ಲ. "ಬಿಡಿಸಿದ್ದೇನೆ, ನಿನಗೆ ಯಾವಾಗ ಬೇಕು ಅನಿಸುತ್ತದೋ ಆಗ ಹೇಳು, ಅಲ್ಲಿವರೆಗೆ ನನ್ನ ಹತ್ತಿರ ಇರಲಿ" ಅಂತ ಹೇಳಿದರೆ ಸಾಕು. ಕೆಲವರು ಅವತ್ತೇ ಬರುತ್ತಾರೆ, ಕೆಲವರು ಒಂದು ವರ್ಷ ಬಿಟ್ಟು ಕೇಳುತ್ತಾರೆ.